ಕೋಶದ ಹೊಸ್ತಿಲಲ್ಲಿ ಕಾಯುವ ಗ್ರಾಹಿ

ಕುಷಾಯಿಗೂಡದಲ್ಲಿ ನೆಲೆಸಿರುವ ನಮಗೆ ಹಬ್ಸಿಗೂಡದ ಸಿಸಿಎಂಬಿ, ಅಂದರೆ ಕೋಶೀಯ ಮತ್ತು ಅಣ್ವಿಕ ಜೀವವಿಜ್ಞಾನ ಕೇಂದ್ರ, ಹೋಗಿಬರುವ ದಾರಿಯ ಒಂದು ನಾಮಫಲಕವಷ್ಟೇ. ಆ ಸಂಸ್ಥೆ ಹುಟ್ಟಿದ 1977ರಲ್ಲಿಯೇ ದೂರದ ಅಮೆರಿಕದಲ್ಲಿ ಜೀವಕೋಶದ ಅರವತ್ತು ವರ್ಷಗಳ ಒಗಟೊಂದು ಬಿಡಿಸಿಕೊಂಡಿತು.

1917ರಲ್ಲಿ ಕೆನಡಾದ ವೈದ್ಯ ಚಾರ್ಲ್ಸ್ ಹಂಟರ್ ಇಬ್ಬರು ಸೋದರರ ಅಪರೂಪದ ಕಾಯಿಲೆಯೊಂದನ್ನು ವರ್ಣಿಸಿದರು. 1919ರಲ್ಲಿ ಜರ್ಮನಿಯ ಗರ್ಟ್ರೂಡ್ ಹರ್ಲರ್ ಅದನ್ನೇ ಹೋಲುವ ಇನ್ನೊಂದನ್ನು ದಾಖಲಿಸಿದರು. ಹುಟ್ಟಿದಾಗ ಎಲ್ಲರಂತೆ ಇದ್ದ ಮಗುವಿನ ಮುಖಚಹರೆ ಬರಬರುತ್ತ ಒರಟಾಗುತ್ತದೆ, ಕೀಲುಗಳು ಬಿಗಿಯುತ್ತವೆ, ಯಕೃತ್ತು ಊದುತ್ತದೆ. ಕೋಶಗಳಲ್ಲಿ ಸಕ್ಕರೆಯ ಉದ್ದನೆಯ ಸರಪಣಿಗಳು ತುಂಬಿಕೊಂಡಿರುತ್ತವೆ. ಇವು ಅತಿಯಾಗಿ ತಯಾರಾಗುತ್ತಿವೆಯೇ ಅಥವಾ ಕರಗದೆ ಉಳಿಯುತ್ತಿವೆಯೇ ಎಂಬುದೇ ಪ್ರಶ್ನೆ.

1955ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಕೋಶದೊಳಗಿನ ಜೀರ್ಣಚೀಲವನ್ನು ಗುರುತಿಸಿ ಲೈಸೋಸೋಮ್ ಎಂದು ಹೆಸರಿಟ್ಟರು. ಸವೆದ ವಸ್ತುಗಳನ್ನು ಅಲ್ಲಿನ ಕಿಣ್ವಗಳು ಒಡೆಯುತ್ತವೆ. 1968ರಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಅವರ ತಂಡ ಹಂಟರ್ ಮತ್ತು ಹರ್ಲರ್ ರೋಗಿಗಳ ಚರ್ಮಕೋಶಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿತು. ಎರಡೂ ಗುಣವಾದವು! ಒಂದರಲ್ಲಿ ಇಲ್ಲದ ಕಿಣ್ವವನ್ನು ಇನ್ನೊಂದು ಹೊರಚೆಲ್ಲುತ್ತಿತ್ತು. ನೆರೆಯ ಕೋಶ ಅದನ್ನು ಒಳಗೆಳೆದುಕೊಳ್ಳುತ್ತಿತ್ತು. ತೊಂದರೆ ಇದ್ದದ್ದು ಉತ್ಪಾದನೆಯಲ್ಲಲ್ಲ, ಒಡೆಯುವಿಕೆಯಲ್ಲಿ.

ಆದರೆ ಕೋಶ ತನಗೆ ಬೇಕಾದ ಕಿಣ್ವವನ್ನು ಗುರುತಿಸುವುದು ಹೇಗೆ? ಐ-ಸೆಲ್ ಎಂಬ ಮತ್ತೊಂದು ರೋಗದವರ ಕಿಣ್ವಗಳನ್ನು ಬೇರೆ ಕೋಶಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವಕ್ಕೆ ಗುರುತಿನ ಚೀಟಿಯೇ ಇಲ್ಲ ಎಂದು 1972ರಲ್ಲಿ ಹಿಕ್‌ಮನ್ ಮತ್ತು ನ್ಯೂಫೆಲ್ಡ್ ಊಹಿಸಿದರು. ಆ ಚೀಟಿ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆ ಎಂಬುದನ್ನು 1977ರಲ್ಲಿ ಸೇಂಟ್ ಲೂಯಿಸ್‌ನ ವಿಲಿಯಂ ಸ್ಲೈ ಮತ್ತು ಸಂಗಡಿಗರು ತೋರಿಸಿದರು. ಕೋಶದ ಮೇಲ್ಮೈಯಲ್ಲಿ ನಿಂತ ಗ್ರಾಹಿ ಪ್ರೋಟೀನು ಈ ಗುರುತನ್ನು ಹಿಡಿದು, ಕಿಣ್ವವನ್ನು ಒಳಗೆ ಕರೆದೊಯ್ದು, ಲೈಸೋಸೋಮಿನ ಹಾದಿಗೆ ಬಿಟ್ಟು, ತಾನು ಮತ್ತೆ ಕೆಲಸಕ್ಕೆ ಮರಳುತ್ತದೆ.

ಈ ಕಥೆಯಲ್ಲಿ ನಮ್ಮ ಊರಿಗೂ ಪಾಲಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ನಡಿಂಪಲ್ಲಿ ಶಿವಕುಮಾರ್ ಅವರ ತಂಡ ಮೀನು, ನಕ್ಷತ್ರಮೀನು, ಚಿಪ್ಪುಜೀವಿಗಳಲ್ಲಿಯೂ ಇಂಥ ಗ್ರಾಹಿಗಳನ್ನು ಅಧ್ಯಯನ ಮಾಡಿ, ಅವುಗಳ ವಂಶ ಬಹು ಹಳೆಯದೆಂದು ತೋರಿಸಿತು.

ಪಾತ್ರೆಯಲ್ಲಿ ನಡೆದ ಆ ಕೊಡುಕೊಳ್ಳುವಿಕೆಯೇ ಮುಂದೆ ಔಷಧವಾಯಿತು. ಹರ್ಲರ್ ರೋಗದ ಕಿಣ್ವಕ್ಕೆ 2003ರಲ್ಲಿ, ಹಂಟರ್ ರೋಗದ್ದಕ್ಕೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವಾರಕ್ಕೊಮ್ಮೆ ರಕ್ತನಾಳಕ್ಕೆ ಹರಿಸುವ ಈ ಕಿಣ್ವವನ್ನು ಅದೇ ಗ್ರಾಹಿ ಬರಮಾಡಿಕೊಳ್ಳುತ್ತದೆ. ರಕ್ತದಿಂದ ಮಿದುಳಿಗೆ ಮಾತ್ರ ಅದು ದಾಟುವುದಿಲ್ಲವೆನ್ನಬಹುದು.

ನಮ್ಮ ದೇಶದಲ್ಲಿ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಹೈದರಾಬಾದಿನಲ್ಲಿ ನಿಜಾಮ್ಸ್ ಆಸ್ಪತ್ರೆಯ ಜೊತೆಗೂಡಿದ ಸಿಡಿಎಫ್‌ಡಿ, ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಇದರ ಉತ್ಕೃಷ್ಟತಾ ಕೇಂದ್ರಗಳ ಪಟ್ಟಿಯಲ್ಲಿ ಸೇರಿದವು. 2022ರಲ್ಲಿ ನೆರವಿನ ಮಿತಿ ಪ್ರತಿ ರೋಗಿಗೆ 50 ಲಕ್ಷ ರೂಪಾಯಿಗೆ ಏರಿತು. ಆದರೆ ಈ ಕಿಣ್ವ ಬಾಳಿನುದ್ದಕ್ಕೂ ಬೇಕು; ಪ್ರಮಾಣ ನಿಗದಿಯಾಗುವುದು ದೇಹತೂಕದ ಲೆಕ್ಕದಲ್ಲಿ. ಮಗು ಚೇತರಿಸಿಕೊಂಡು ಬೆಳೆದಷ್ಟೂ ಮನೆಯವರ ಖರ್ಚೂ ಬೆಳೆಯುತ್ತದೆ.