ಮಹಾಕೂಟದ ಪ್ರಾಣವಲ್ಲಭೆ

ಸಾಂಕೋಲೆಯ ಬೀದಿಗಳಲ್ಲಿ ನಮ್ಮ ಹುಡುಗರು ಗೆಳೆಯನ ಪ್ರೇಯಸಿಯನ್ನು ‘ಮಾಲು’, ‘ಫಿಗರ್’ ಎನ್ನುವುದನ್ನು ಕೇಳಿದ್ದೇನೆ. ಹಿರಿಯರೂ ಕಡಿಮೆಯಿಲ್ಲ, ‘ಇಟ್ಟುಕೊಂಡವಳು’ ಎಂಬುದು ನಮ್ಮ ಕಾಲದ ಮಾತು. ಕನ್ನಡಕ್ಕೆ ಇದು ಹುಟ್ಟುಗುಣವಲ್ಲ.

ಬಾದಾಮಿಯ ಬಳಿ ಮಹಾಕೂಟೇಶ್ವರ ದೇಗುಲದ ಮುಖಮಂಟಪದ ಕಂಬವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696–733) ಕಾಲದ ಹಳಗನ್ನಡ ಶಾಸನವಿದೆ. ಅರಸನ ಪ್ರಿಯೆ ವಿನಾಪೋಟಿಯನ್ನು ಅದು ‘ಪ್ರಾಣವಲ್ಲಭೆ’ ಎಂದು ಕರೆದು, ಒಡನೆಯೇ ‘ಸೂಳೆಯರ್’ ಎಂದೂ ಹೇಳುತ್ತದೆ. ಬಹುವಚನ ಗೌರವಕ್ಕೆ. ಅಜ್ಜಿ ರೇವಮಂಚಳ್ಗಳ್, ತಾಯಿ ಕುಚಿಪೋಟಿಗಳ್, ಮಗಳು ವಿನಾಪೋಟಿಗಳ್: ಮೂರು ತಲೆಮಾರಿನ ಹೆಂಗಸರಿಗೂ ‘ಗಳ್’ ಸೇರಿದೆ, ತಂದೆಯ ಹೆಸರೇ ಇಲ್ಲ. ಶಾಸನದ ರೀತಿಯಲ್ಲೇ ಹೇಳುವುದಾದರೆ, ಅವರು ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟರು. ಆ ವೃತ್ತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ವ್ಯಕ್ತಿಗೆ ಸಂದ ಮರ್ಯಾದೆಯನ್ನಷ್ಟೇ ತೋರಿಸುತ್ತಿದ್ದೇನೆ.

ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆ ಅದೇ ಹೆಸರಿನಿಂದ ವಚನಕಾರ್ತಿಯರ ಸಾಲಿನಲ್ಲಿ ನಿಂತರು. ಬರಬರುತ್ತ ಪದ ಬೈಗುಳವಾಯಿತು. ಚನ್ನಗಿರಿಯ ಸೂಳೆಕೆರೆಗೂ ಇಂದು ಶಾಂತಿಸಾಗರವೆಂಬ ಹೆಸರು ಬೇಕಾಗಿದೆ.

ಗ್ರೀಕರಲ್ಲಿಯೂ ಹೀಗೆಯೇ. ‘ಹೆತೈರೋಸ್’ ಎಂದರೆ ಒಡನಾಡಿ. ಅಲೆಕ್ಸಾಂಡರನ ಆಪ್ತ ಅಶ್ವದಳಕ್ಕೆ ಅದು ಬಿರುದು. ಅದರ ಸ್ತ್ರೀಲಿಂಗ ‘ಹೆತೈರಾ’ ಮಾತ್ರ ಗಣಿಕೆಗೆ ಮೀಸಲಾಯಿತು. ಪೆರಿಕ್ಲೀಸನ ಸಂಗಾತಿ, ವಿದುಷಿ ಅಸ್ಪೇಸಿಯಾಳನ್ನು ಅಥೆನ್ಸಿನ ಪ್ರಹಸನಕಾರರು ಉಪಪತ್ನಿಯೆಂದು ರಂಗದ ಮೇಲೆಯೇ ಹೀಯಾಳಿಸಿದರು. ಪೆರಿಕ್ಲೀಸನ ಮೇಲಿನ ಸಿಟ್ಟು ಆಕೆಯ ತಲೆಗೆ ಬಂತು.

ನಮ್ಮಲ್ಲಿ ಬಾದಾಮಿ ಕಡೆಯವರು ಹಲವರಿದ್ದಾರೆ. ಊರಿಗೆ ಹೋದಾಗ ಮಹಾಕೂಟದ ಹೊಂಡದಲ್ಲಿ ಮಿಂದು ಬರುವವರು, ಮಕ್ಕಳನ್ನು ಕರೆದೊಯ್ದು ಆ ಕಂಬವನ್ನೂ ಒಮ್ಮೆ ತೋರಿಸಿ.