ಟೀವಿಯಲ್ಲಿ ಒಂದು ಹಾಡು: ಆಮೇಲೆ ದುಡ್ಡು ಯಾರ ಜೇಬಿಗೆ?

2024ರ ಫೆಬ್ರವರಿ 4ರಂದು ಗ್ರ್ಯಾಮಿ ವೇದಿಕೆಯಲ್ಲಿ ಟ್ರೇಸಿ ಚಾಪ್‌ಮನ್ ಮತ್ತು ಲ್ಯೂಕ್ ಕೂಮ್ಸ್ ಸೇರಿ ‘ಫಾಸ್ಟ್ ಕಾರ್’ ಹಾಡಿದರು. ಚಾಪ್‌ಮನ್ ಹೊಸ ಆಲ್ಬಂ ಮಾಡಿ ಹದಿನೈದು ವರ್ಷ ದಾಟಿತ್ತು. ಆದರೂ ಕೆಲವೇ ಗಂಟೆಗಳಲ್ಲಿ 1988ರ ಆ ಮೂಲ ರೆಕಾರ್ಡಿಂಗ್ ಅಮೆರಿಕದ ಐಟ್ಯೂನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಇದೇ ಹಾಡಿಗೆ, ಇದೇ ಗಾಯಕಿಗೆ ಇದು ಎರಡನೇ ಸಲ. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ, ಇನ್ನೂ ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ. ಹಲವಾರು ದೇಶಗಳ ಟೀವಿಯಲ್ಲಿ ಪ್ರಸಾರ. ಸ್ಟೀವಿ ವಂಡರ್ ವೇದಿಕೆ ಹತ್ತಬೇಕು ಅನ್ನುವಾಗ ಅವರ ವಾದ್ಯದ ಹಾರ್ಡ್‌ಡಿಸ್ಕ್ ಕಾಣೆ! ಖಾಲಿ ಸಮಯ ತುಂಬಲು, ಮಧ್ಯಾಹ್ನವೇ ಹಾಡಿ ಮುಗಿಸಿದ್ದ ಚಾಪ್‌ಮನ್‌ರನ್ನು ಮತ್ತೆ ಕರೆತಂದರು. ಒಂದು ಗಿಟಾರ್, ಒಂದು ಮೈಕು, ಅಷ್ಟೇ. ಏಪ್ರಿಲ್‌ನಲ್ಲೇ ಬಿಡುಗಡೆಯಾಗಿದ್ದ ಅವರ ಆಲ್ಬಂ ಜುಲೈ ಹೊತ್ತಿಗೆ ಬ್ರಿಟನ್‌ನಲ್ಲಿ, ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು. (ಅಂದಹಾಗೆ ಅಮೆರಿಕದಲ್ಲಿ ಫಾಕ್ಸ್ ವಾಹಿನಿ ಆ ಕಾರ್ಯಕ್ರಮದ ರಾಜಕೀಯ ಮಾತುಗಳನ್ನು ಬಹಳಷ್ಟು ಕತ್ತರಿಸಿಯೇ ತೋರಿಸಿದ್ದು. ಹಾಡು ಬೇಕು, ವರ್ಣಭೇದದ ಮಾತು ಬೇಡ!)

ಲೈವ್ ಟೀವಿ ಯಾಕೆ ಇಷ್ಟು ಕೆಲಸ ಮಾಡುತ್ತೆ? ಸ್ಪಾಟಿಫೈ, ಯೂಟ್ಯೂಬ್‌ನ ಅಲ್ಗಾರಿದಂ ನೀವು ಕೇಳಿದ್ದಕ್ಕೆ ಹೋಲುವುದನ್ನೇ ಮುಂದಿಡುತ್ತೆ. ಲೈವ್ ಟೀವಿ ಹಾಗಲ್ಲ: ಕೇಳದೇ ಇದ್ದವರಿಗೂ, ಎಲ್ಲರಿಗೂ ಒಂದೇ ಕ್ಷಣದಲ್ಲಿ ಕೇಳಿಸುತ್ತೆ. ಮೊದಲಾದರೆ ಮಾರನೇ ದಿನ ಕ್ಯಾಸೆಟ್ ಅಂಗಡಿಗೆ ಹೋಗಬೇಕಿತ್ತು. ಈಗ ಹಾಡು ಮುಗಿಯೋ ಮೊದಲೇ ಕೈ ಮೊಬೈಲ್ ಮೇಲಿರುತ್ತೆ.

ಆಮೇಲೆ ಬರುವ ‘ಸಾವಿರಾರು ಪರ್ಸೆಂಟ್ ಏರಿಕೆ’ ಹೆಡ್‌ಲೈನ್‌ಗಳನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಓದಿ. ದಿನಕ್ಕೆ 30 ಡೌನ್‌ಲೋಡ್ ಆಗುತ್ತಿದ್ದ ಹಾಡು 3,000ಕ್ಕೆ ಹೋದರೆ ಏರಿಕೆ 9,900 ಪರ್ಸೆಂಟ್. ಕೇಳೋಕೆ ಭಾರಿ, ದುಡ್ಡಿನಲ್ಲಿ ಸಣ್ಣದು. ಇನ್ನು ಚಾರ್ಟಿನ ಲೆಕ್ಕವೇ ಬೇರೆ. 2018ರಲ್ಲಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಗೆ ತಂದ ಸೂತ್ರದಲ್ಲಿ 10 ಡೌನ್‌ಲೋಡ್ ಅಥವಾ ಹಣ ಕಟ್ಟಿದ ಚಂದಾದಾರರ 1,250 ಸ್ಟ್ರೀಮ್ ಸೇರಿದರೆ ಒಂದು ಆಲ್ಬಂ ಅಂತ ಲೆಕ್ಕವಾಗುತ್ತಿತ್ತು. ಅಂದ್ರೆ ಆಗ ಒಂದು ಡೌನ್‌ಲೋಡ್ 125 ಸ್ಟ್ರೀಮ್‌ಗೆ ಸಮವಾಗಿತ್ತು. ಉತ್ಸಾಹದಲ್ಲಿ ಒಂದೇ ರಾತ್ರಿ ಕೊಂಡುಕೊಳ್ಳುವ ಜನ ಪಟ್ಟಿಯನ್ನು ಅಲುಗಾಡಿಸೋದು ಹೀಗೆ.

ಟೀವಿಯವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಸೂಪರ್ ಬೌಲ್ ಹಾಫ್‌ಟೈಮ್‌ನಲ್ಲಿ ಹಾಡುವವರಿಗೆ ಫುಟ್‌ಬಾಲ್ ಲೀಗ್ ಪ್ರದರ್ಶನದ ವೆಚ್ಚ ಭರಿಸುತ್ತೆ, ದೊಡ್ಡ ಸಂಭಾವನೆಯನ್ನೇನೂ ಕೊಡಲ್ಲ. ‘ಪ್ರಚಾರವೇ ಸಂಬಳ’ ಅನ್ನೋ ತರ್ಕ. 2021ರಲ್ಲಿ ದಿ ವೀಕೆಂಡ್ ತನ್ನ ಕೈಯಿಂದಲೇ ಸುಮಾರು 70 ಲಕ್ಷ ಡಾಲರ್ ಹಾಕಿದ್ದು ವರದಿಯಾಗಿತ್ತು. 2025ರಲ್ಲಿ ಕೆಂಡ್ರಿಕ್ ಲಮಾರ್ ಪ್ರದರ್ಶನವನ್ನು 13.35 ಕೋಟಿ ಜನ ನೋಡಿದರು, ‘ನಾಟ್ ಲೈಕ್ ಅಸ್’ ಮತ್ತೆ ಹಾಟ್ 100ರ ತುದಿಗೇರಿತು. ಅಂಥವರಿಗೆ ಈ ತರ್ಕ ಸರಿಹೋಗಬಹುದು. ಇದನ್ನೇ ತೋರಿಸಿ ಸಣ್ಣ ಕಲಾವಿದರನ್ನೂ ಬಿಟ್ಟಿ ಹಾಡಿಸೋದು ನನ್ನ ಪ್ರಕಾರ ಶುದ್ಧ ಶೋಷಣೆ.

ಯಾಕಂದ್ರೆ ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ: ರಚನೆ ಒಂದು, ರೆಕಾರ್ಡಿಂಗ್ ಇನ್ನೊಂದು. ‘ಫಾಸ್ಟ್ ಕಾರ್’ ಬರೆದದ್ದು ಚಾಪ್‌ಮನ್ ಒಬ್ಬರೇ. ಹಾಗಾಗಿ 2023ರಲ್ಲಿ ಹಾಟ್ 100ರ ಎರಡನೇ ಸ್ಥಾನದವರೆಗೆ ಹೋದ ಕೂಮ್ಸ್ ಆವೃತ್ತಿಯಿಂದಲೂ ರಚನೆಯ ರಾಯಲ್ಟಿ ಅವರಿಗೇ. ಬರೀ ಹಾಡಿದವರಿಗೆ ಈ ಭಾಗ್ಯ ಇಲ್ಲ. ಅಮೆರಿಕದ ಎಫ್‌ಎಂ ರೇಡಿಯೊ ಇವತ್ತಿಗೂ ರಚನೆಕಾರರಿಗೆ ರಾಯಲ್ಟಿ ಕೊಡುತ್ತೆ, ಗಾಯಕರಿಗೆ ಕೊಡಲ್ಲ.

ನಮ್ಮ ಕನ್ನಡ ರಿಯಾಲಿಟಿ ಶೋಗಳಲ್ಲಿ ಸ್ಪರ್ಧಿಗಳು ಹಾಡೋದು ಹೆಚ್ಚಾಗಿ ಹಳೇ ಸಿನಿಮಾ ಹಾಡು. ಎಪಿಸೋಡ್ ನೋಡಿದವರು ಹುಡುಕಿ ಕೇಳೋದು ಮೂಲ ಹಾಡನ್ನು, ಅದರ ರೆಕಾರ್ಡಿಂಗ್ ಹಕ್ಕು ಇರೋದು ಸಾಮಾನ್ಯವಾಗಿ ಆಡಿಯೋ ಕಂಪನಿ ಬಳಿ. 2012ರ ಕಾಪಿರೈಟ್ ತಿದ್ದುಪಡಿಯಿಂದಾಗಿ ಚಿತ್ರಸಾಹಿತಿ, ಸಂಗೀತ ನಿರ್ದೇಶಕರು ಚಿತ್ರಮಂದಿರದ ಹೊರಗಿನ ಬಳಕೆಯ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡುವ ಹಾಗಿಲ್ಲ. ವೇದಿಕೆ ಮೇಲೆ ನಿಂತು ಆ ಹಾಡನ್ನು ಮತ್ತೆ ಜನರ ಬಾಯಿಗೆ ತಂದ ಹುಡುಗಿಗೆ ಮೂಲ ಹಾಡಿನ ಸ್ಟ್ರೀಮಿಂಗ್‌ನಲ್ಲಿ ಒಂದು ಪೈಸೆಯ ಪಾಲೂ ಇಲ್ಲ.