ರಾಜೀನಾಮೆಯೋ, ವಜಾವೋ?

1959ರ ಜನವರಿ, ಮದ್ರಾಸ್. ವೆಸ್ಟ್ ಇಂಡೀಸ್ ವಿರುದ್ಧದ ನಾಲ್ಕನೇ ಟೆಸ್ಟ್‌ಗೆ ಒಂದೇ ರಾತ್ರಿ ಬಾಕಿ. ಸೊಲ್ಲಾಪುರದಲ್ಲಿ ಬೆಳೆದ ಪಾರ್ಸಿ ಮನೆತನದ ಪಾಲಿ ಉಮ್ರೀಗರ್ ಭಾರತದ ನಾಯಕ. ಅವರಿಗೆ ಬ್ಯಾಟ್ಸ್‌ಮನ್ ಮನೋಹರ ಹರ್ಡೀಕರ್ ಬೇಕಿತ್ತು. ಬೌಲರ್ ಜಸು ಪಟೇಲ್ ಆಡಲಿ ಎಂದು ಕ್ರಿಕೆಟ್ ಮಂಡಳಿಯ ಅಧ್ಯಕ್ಷರು ಹಟ ಹಿಡಿದರು. ಉಮ್ರೀಗರ್ ನಾಯಕತ್ವಕ್ಕೆ ರಾಜೀನಾಮೆ ಕೊಟ್ಟರು. ಆ ಪಂದ್ಯಕ್ಕೆ ವಿನೂ ಮಂಕಡ್ ನಾಯಕರಾದರು.

ಅಲ್ಲಿ ಜಗಳ ಬಯಲಲ್ಲೇ ಇತ್ತು, ಮುಚ್ಚಿಡುವಂಥದ್ದೇನೂ ಇರಲಿಲ್ಲ. ಕ್ರೀಡಾಲೋಕದ ಎಲ್ಲ ರಾಜೀನಾಮೆಗಳೂ ಹಾಗಿರುವುದಿಲ್ಲ.

2010ರ ಜುಲೈನಲ್ಲಿ ಭಾರತ ಮಹಿಳಾ ಹಾಕಿ ತಂಡದ ಕೋಚ್ ಮೇಲೆ ಆಟಗಾರ್ತಿಯೊಬ್ಬರು ಲೈಂಗಿಕ ಕಿರುಕುಳದ ದೂರು ಕೊಟ್ಟರು. ಕೋಚ್ ಆರೋಪವನ್ನು ಅಲ್ಲಗಳೆದು ರಾಜೀನಾಮೆ ಕೊಟ್ಟರು. ಕುರ್ಚಿ ಖಾಲಿಯಾಯಿತು. ಆದರೆ ರಾಜೀನಾಮೆಯನ್ನು ತಪ್ಪೊಪ್ಪಿಗೆ ಎನ್ನಲಾಗದು, ತೀರ್ಪು ಎನ್ನಲೂ ಆಗದು. 2022ರ ಜೂನ್‌ನಲ್ಲಿ ಸ್ಲೊವೇನಿಯಾ ಶಿಬಿರದಿಂದ ಸೈಕ್ಲಿಸ್ಟ್ ಒಬ್ಬರು ಕೋಚ್ ಮೇಲೆ ಇಂಥದ್ದೇ ದೂರು ಕೊಟ್ಟಾಗ ಭಾರತೀಯ ಕ್ರೀಡಾ ಪ್ರಾಧಿಕಾರ ಸಮಿತಿ ನೇಮಿಸಿತು. ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡದ್ದರಿಂದ ಕೋಚ್‌ನ ಗುತ್ತಿಗೆಯನ್ನೇ ರದ್ದುಮಾಡಿತು.

ಹಾಗೆಂದು ವಜಾ ಮಾಡಿದ್ದೆಲ್ಲ ನ್ಯಾಯವೆಂದೇನಲ್ಲ. 1936ರ ಇಂಗ್ಲೆಂಡ್ ಪ್ರವಾಸದ ನಡುವೆ, ಅಶಿಸ್ತಿನ ಹೆಸರಿನಲ್ಲಿ ಕ್ರಿಕೆಟಿಗ ಲಾಲಾ ಅಮರನಾಥ್‌ರನ್ನು ಊರಿಗೆ ಕಳಿಸಿಬಿಟ್ಟರು. ಮರುವರ್ಷ, ವಿಚಾರಣೆ ನಡೆಸಿದ ಬ್ಯೂಮಾಂಟ್ ಸಮಿತಿ ಅವರನ್ನು ದೋಷಮುಕ್ತರೆಂದಿತು. ನಾಯಕ ವಿಜಯನಗರಂ ಮಹಾರಾಜಕುಮಾರರನ್ನೇ ಟೀಕಿಸಿತು. ವಿಚಾರಣೆ ನಡೆದದ್ದರಿಂದ ಕಳಂಕ ತೊಳೆದುಹೋಯಿತು.

ಇಂದು ಕಾನೂನಿನ ಬಲವೂ ಇದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿಯ ತಾಣಗಳನ್ನೂ ಹೆಸರಿಟ್ಟು ಸೇರಿಸಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ತೊಡಕಿರುವುದು ಗಡುವಿನಲ್ಲಿ: ದೂರು ಮೂರು ತಿಂಗಳೊಳಗೆ ಬರಬೇಕು, ಸಕಾರಣವಿದ್ದರೆ ಇನ್ನು ಮೂರು ತಿಂಗಳು. ತನ್ನನ್ನು ತಂಡಕ್ಕೆ ಆರಿಸುವವನ ಮೇಲೆಯೇ ದೂರು ಕೊಡಲು ಹುಡುಗಿಯೊಬ್ಬಳಿಗೆ ಎಷ್ಟೋ ವರ್ಷ ಧೈರ್ಯ ಬರುವುದಿಲ್ಲ. ಹಳೆಯ ತಪ್ಪುಗಳು ತಪ್ಪಿಸಿಕೊಳ್ಳುವುದು ಇಲ್ಲೇ.

ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯ ಹುಡುಗಿ ಸೊಲ್ಲಾಪುರದ ಮೈದಾನಕ್ಕೆ ಅಭ್ಯಾಸಕ್ಕೆ ಹೊರಟರೆ, ಮನೆಯವರು ಕೋಚ್‌ನನ್ನು ನಂಬಿಯೇ ಕಳಿಸುತ್ತಾರೆ. ಆ ನಂಬಿಕೆ ಉಳಿಯಬೇಕಾದರೆ ಸಂಘ, ಕ್ಲಬ್ಬುಗಳು ಎರಡು ನಿಯಮ ಪಾಲಿಸಲಿ: ದೂರು ಬಾಕಿಯಿರುವಾಗ ಕೊಟ್ಟ ರಾಜೀನಾಮೆಯನ್ನು ವಿಚಾರಣೆ ಮುಗಿಯುವವರೆಗೆ ಅಂಗೀಕರಿಸಬಾರದು, ಹೊಸ ಕೋಚ್‌ನನ್ನು ನೇಮಿಸುವ ಮುನ್ನ, ಹಿಂದಿನ ಕೆಲಸ ಬಿಟ್ಟದ್ದೇಕೆ ಎಂದು ಅಲ್ಲಿಯೇ ಕೇಳಿ ತಿಳಿಯಬೇಕು.